ಕೋಟೆ ಕಟ್ಟಿದವರು ಎಲ್ಲಿ ಹೋದರು?

2009ರ ಬೇಸಿಗೆ ರಜೆಯಲ್ಲಿ ಸೋದರಮಾವನ ಮನೆಯ ಕಂಪ್ಯೂಟರಿನಲ್ಲಿ ನಾನು ಮೊದಲ ಬಾರಿಗೆ 'ಏಜ್ ಆಫ್ ಎಂಪೈರ್ಸ್ 2' ಆಡಿದೆ. ಮಾವನ ಮಗ ಯಾರಿಂದಲೋ ಕಾಪಿ ಮಾಡಿಸಿಕೊಂಡು ಬಂದ ಸಿಡಿ ಅದು. ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಏಜ್' ಎಂದಷ್ಟೇ ಬರೆದಿತ್ತು. ಆಟ ಶುರುವಾದಾಗ ಇರುವುದು ಊರ ನಡುವಿನ ಒಂದು ಕಟ್ಟಡ, ಮೂವರು ಹಳ್ಳಿಗರು, ಒಬ್ಬ ಕುದುರೆ ಸವಾರ, ಒಂದಿಷ್ಟು ಕುರಿ. ಮರ ಕಡಿದು, ಹೊಲ ಉತ್ತು, ಚಿನ್ನ ಕಲ್ಲು ಅಗೆದು ಸಂಜೆಯ ಹೊತ್ತಿಗೆ ಕೋಟೆ ಎಬ್ಬಿಸುತ್ತಿದ್ದೆವು. ಅತ್ತೆ ಊಟಕ್ಕೆ ಕರೆದರೆ "ಕ್ಯಾಸಲ್ ಏಜಿಗೆ ಹೋಗಿಬಿಟ್ಟು ಬರ್ತೀವಿ" ಎಂದು ಕೂಗುತ್ತಿದ್ದೆವು.

ಆ ಆಟವನ್ನು ಕಟ್ಟಿದ ಸ್ಟುಡಿಯೊ ಅದೇ ವರ್ಷದ ಜನವರಿಯಲ್ಲಿ ಬಾಗಿಲು ಮುಚ್ಚಿತ್ತು. ಇದು ನನಗೆ ತಿಳಿದದ್ದು ಹತ್ತು ವರ್ಷಗಳ ನಂತರ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಾಡಿದವರು ಚದುರಿಹೋದ ಮೇಲೂ ಅವರು ಮಾಡಿದ್ದು ಬದುಕಿದ್ದರೆ, ಅದನ್ನು ಅನುಭವಿಸುವವರಿಗೆ ಅವರ ಋಣ ಏನಾದರೂ ಉಳಿಯುತ್ತದೆಯೇ?

ಕಥೆ ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸಿನದು. ಟೋನಿ ಗುಡ್‌ಮನ್ ಎಂಬುವರ ಸಾಫ್ಟ್‌ವೇರ್ ಸಂಸ್ಥೆಯಿಂದ 1990ರ ದಶಕದ ಮಧ್ಯದಲ್ಲಿ ಎನ್ಸೆಂಬಲ್ ಸ್ಟುಡಿಯೋಸ್ ಕವಲೊಡೆಯಿತು. ಅವರ ಸೋದರ ರಿಕ್ ಗುಡ್‌ಮನ್ ಜೊತೆಗಿದ್ದರು. 1991ರ 'ಸಿವಿಲೈಸೇಶನ್' ಆಟದಲ್ಲಿ ಸಿಡ್ ಮೈಯರ್ ಜೊತೆ ದುಡಿದಿದ್ದ ಬ್ರೂಸ್ ಶೆಲ್ಲಿಯೂ ಬಂದು ಸೇರಿದರು. 1997ರಲ್ಲಿ ಮೊದಲ 'ಏಜ್ ಆಫ್ ಎಂಪೈರ್ಸ್', 1999ರಲ್ಲಿ ಎರಡನೆಯದು, 2005ರಲ್ಲಿ ಮೂರನೆಯದು. ಪ್ರಕಾಶಕರು ಮೈಕ್ರೋಸಾಫ್ಟ್. 2001ರಲ್ಲಿ ಅವರು ಸ್ಟುಡಿಯೊವನ್ನೇ ಕೊಂಡರು. 2008ರ ಸೆಪ್ಟೆಂಬರಿನಲ್ಲಿ ಸುದ್ದಿ ಹೊರಬಿತ್ತು: ಕೈಯಲ್ಲಿರುವ 'ಹೇಲೋ ವಾರ್ಸ್' ಮುಗಿಯುತ್ತಿದ್ದಂತೆ ಸ್ಟುಡಿಯೊ ಮುಚ್ಚುತ್ತದೆ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಸೆಪ್ಟೆಂಬರಿನಿಂದ ಜನವರಿ. ಕೆಲಸ ಮುಗಿಸಿದ ದಿನವೇ ಕೆಲಸ ಹೋಗುವ ದಿನ ಎಂದು ಗೊತ್ತಿದ್ದೂ ಅವರು ಆಟವನ್ನು ಮುಗಿಸಿದರು. 2009ರಲ್ಲಿ ಅದು ಅಂಗಡಿಗೆ ಬಂದಾಗ ಅದನ್ನು ಮಾಡಿದ ಸ್ಟುಡಿಯೊ ಇರಲಿಲ್ಲ. ಇದನ್ನು ನಿಷ್ಕಾಮ ಕರ್ಮ ಎಂದು ಕರೆಯುವ ಆಸೆ ನನಗೂ ಆಯಿತು. ಆದರೆ ಕರೆಯಲಾರೆ. ಫಲದ ಆಸೆ ಬಿಡು ಎಂಬುದು ಒಬ್ಬ ತನಗೆ ತಾನೇ ಹೇಳಿಕೊಳ್ಳಬಹುದಾದ ಮಾತು. ಫಲವನ್ನು ಮನೆಗೆ ಒಯ್ಯುವವನು ದುಡಿದವನಿಗೆ ಅದನ್ನೇ ಹೇಳಿದರೆ ಅದು ತತ್ತ್ವವಾಗಿ ಉಳಿಯುವುದಿಲ್ಲ. ದೂರದಲ್ಲಿ ಕುಳಿತು ಅವರ ನಾಲ್ಕು ತಿಂಗಳಿಗೆ ಅಂಥ ದೊಡ್ಡ ಹೆಸರಿಡುವಾಗ ನಾನೂ ಒಯ್ಯುವವನ ಪಕ್ಷವನ್ನೇ ಸೇರುತ್ತೇನೆ.

ಹಾಗೆಂದು ಕಂಪನಿಯನ್ನು ರಾಕ್ಷಸನಾಗಿ ಚಿತ್ರಿಸುವುದೂ ಸುಲಭದ ದಾರಿ. ಸ್ಟುಡಿಯೊ ಮಾರಿದವರು ಒಪ್ಪಿಯೇ ಮಾರಿದರು. ದುಡಿದವರಿಗೆ ಸಂಬಳ ಸಂದಿತ್ತು. ಮುಚ್ಚುವ ಹಕ್ಕು ಕಾಗದದ ಮೇಲೆ ಕೊಂಡವರದೇ. ಆ ದೊಡ್ಡ ಪ್ರಕಾಶಕರಿಲ್ಲದಿದ್ದರೆ ಆಟ ನಮ್ಮ ಮಾವನ ಮನೆಯವರೆಗೆ ಬರುತ್ತಿತ್ತೇ? ಮತ್ತೆ, ನಾವು ಆಡಿದ್ದು ಕಾಪಿ ಸಿಡಿ. ನಮ್ಮಿಂದ ಕಂಪನಿಗೂ ಕಾಸು ಹೋಗಲಿಲ್ಲ, ಕಲಾವಿದರಿಗೂ ಹೋಗಲಿಲ್ಲ. ಋಣದ ಲೆಕ್ಕ ತೆಗೆಯುವವನು ಮೊದಲು ತನ್ನ ಪುಟ ತೆರೆಯಬೇಕು.

ಸ್ಟುಡಿಯೊ ಸತ್ತರೂ ಆಟ ಸಾಯಲಿಲ್ಲ, ಅದು ಕೈಯಿಂದ ಕೈಗೆ ಸಾಗಿತು. ಮೂರನೇ ಆಟದ ಏಷ್ಯಾ ವಿಸ್ತರಣೆಯನ್ನು 2007ರಲ್ಲೇ ಬಿಗ್ ಹ್ಯೂಜ್ ಗೇಮ್ಸ್ ಮಾಡಿತ್ತು. ಎನ್ಸೆಂಬಲ್‌ನಿಂದ ಹೊರಬಂದ ಕೆಲವರು ಕಟ್ಟಿದ ರೋಬಾಟ್ ಎಂಟರ್‌ಟೈನ್‌ಮೆಂಟ್ 'ಏಜ್ ಆಫ್ ಎಂಪೈರ್ಸ್ ಆನ್‌ಲೈನ್' ಶುರು ಮಾಡಿತು. ಅದನ್ನು ಮುಂದುವರಿಸಿದ್ದು ಗ್ಯಾಸ್ ಪವರ್ಡ್ ಗೇಮ್ಸ್. ಇದಕ್ಕಿಂತ ಸೋಜಿಗದ್ದು ಅಭಿಮಾನಿಗಳ ಕಥೆ. ಎರಡನೇ ಆಟ ಹಳತಾಗಿ ಮೂಲೆ ಸೇರಿದ್ದ ಕಾಲದಲ್ಲಿ ಕೆಲವು ಆಟಗಾರರು ತಾವೇ ಕೂತು 'ಫಾರ್ಗಾಟನ್ ಎಂಪೈರ್ಸ್' ಎಂಬ ವಿಸ್ತರಣೆ ಬರೆದರು. ಯಾರೂ ಅವರಿಗೆ ಸಂಬಳ ಕೊಟ್ಟಿರಲಿಲ್ಲ. 2013ರಲ್ಲಿ ಅದೇ ಅಧಿಕೃತ ವಿಸ್ತರಣೆಯಾಯಿತು. ಅಭಿಮಾನಿಗಳ ಗುಂಪೇ ಸ್ಟುಡಿಯೊ ಆಯಿತು. 2019ರಲ್ಲಿ ಬಂದ ಹೊಸ ಆವೃತ್ತಿಯನ್ನು ರೂಪಿಸಿದವರಲ್ಲಿ ಅವರೇ ಪ್ರಮುಖರು. 2021ರ ನಾಲ್ಕನೇ ಆಟ ಕೆನಡಾದ ರೆಲಿಕ್ ಸ್ಟುಡಿಯೊದ್ದು. ಅಲ್ಲಿಯೂ 2023ರಲ್ಲಿ 121 ಮಂದಿ ಕೆಲಸ ಕಳೆದುಕೊಂಡರು.

ಹಾಗಾದರೆ 'ಏಜ್ ಆಫ್ ಎಂಪೈರ್ಸ್' ಎಂಬುದು ಯಾವುದು? ಮಿಲಿಂದ ರಾಜ ಮತ್ತು ಭಿಕ್ಷು ನಾಗಸೇನರ ರಥದ ಸಂವಾದ ನಿಮಗೆ ಗೊತ್ತಿರಬಹುದು. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲ ಕೂಡಿದಾಗ ನಾವಿಡುವ ಹೆಸರು ರಥ. ಆಟವೂ ಹಾಗೆಯೇ. ಎಂಜಿನ್ ಬದಲಾಗಿದೆ, ಚಿತ್ರ ಬದಲಾಗಿದೆ, ಜನ ಬದಲಾಗಿದ್ದಾರೆ, ಹೆಸರು ಓಡುತ್ತಿದೆ. ಆದರೆ ನಾಗಸೇನರ ಉತ್ತರ ರಥ ಎಂದರೇನು ಎಂಬುದಕ್ಕೆ. ಗಾಲಿ ಕೆತ್ತಿದ ಬಡಗಿಗೆ ನಾವೇನು ಕೊಡಬೇಕು ಎಂಬುದು ಬೇರೆಯೇ ಪ್ರಶ್ನೆ. ಹೆಸರು ಬರೀ ವ್ಯವಹಾರಕ್ಕೆ ಎಂದು ಒಪ್ಪಿದರೆ ಆ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ, ಯಾಕೆಂದರೆ ಮಾರಾಟವಾಗುವುದು ಆ ಹೆಸರೇ.

ಹೆಸರು ಜನರನ್ನು ನುಂಗುವುದು ನಮಗೆ ಹೊಸದಲ್ಲ. ನಮ್ಮಲ್ಲಿ ಹಳೆಯ ಗುಡಿ ಕಂಡರೆ ಸಾಕು, ಜಕಣಾಚಾರಿ ಕಟ್ಟಿದ್ದು ಎನ್ನುತ್ತೇವೆ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕಲ್ಲಿನಲ್ಲಿ ಬರೆದಿಟ್ಟರೂ ನಾವು ಓದುವುದಿಲ್ಲ, ಒಂದು ದೊಡ್ಡ ಹೆಸರಿನಲ್ಲಿ ಎಲ್ಲವನ್ನೂ ಜಮೆ ಮಾಡುತ್ತೇವೆ. ಕಂಪನಿಗಳಿಗೆ ಈ ಚಾಳಿ ಲಾಭಕ್ಕಾಗಿ ಇರಬಹುದು. ನಮಗೆ ಸೋಮಾರಿತನದಿಂದ ಬಂದಿದೆ.

ಆಟದೊಳಗೂ ಇದರ ಇನ್ನೊಂದು ಮುಖವಿದೆ. ಎರಡನೇ ಆಟದಲ್ಲಿ 2013ರಿಂದ ಇಡೀ ಉಪಖಂಡಕ್ಕೆ 'ಇಂಡಿಯನ್ಸ್' ಎಂಬ ಒಂದೇ ಹೆಸರಿತ್ತು. 2022ರ ವಿಸ್ತರಣೆಯಲ್ಲಿ ಅದನ್ನು ಒಡೆದು ಬಂಗಾಳಿ, ಗುರ್ಜರ, ದ್ರಾವಿಡ, ಹಿಂದೂಸ್ತಾನಿ ಎಂದು ನಾಲ್ಕು ಮಾಡಿದರು. ಕನ್ನಡಿಗನಾದ ನನಗೆ ದ್ರಾವಿಡ ಎಂಬ ಒಂದೇ ಚೀಲವೂ ಇಕ್ಕಟ್ಟಾಗಿಯೇ ಕಂಡಿತು. ಆದರೂ ಸಂತೋಷವಾಯಿತು. ಸರಿಯಾದ ಹೆಸರಿನತ್ತ ಇಟ್ಟ ಒಂದು ಹೆಜ್ಜೆಯೂ ಎಷ್ಟು ತಟ್ಟುತ್ತದೆ ಎಂದು ಅಂದು ತಿಳಿಯಿತು. ನನ್ನ ಹೆಸರು ಬಿಟ್ಟುಹೋದರೆ ನೋಯುವ ನಾನು, ಬೇರೆಯವರದು ಬಿಟ್ಟಾಗ ಯಾಕೆ ಗಮನಿಸಲಿಲ್ಲ?

ಇದನ್ನೆಲ್ಲ ಬರೆಯಲು ಕಾರಣ ನನ್ನ ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯ. ಅದು ನಿಂತಿರುವುದು ನಮ್ಮ ವಿಭಾಗದಲ್ಲಿರುವ ಒಂದು ಶಾಸನ ಸೂಚಿಯ ಮೇಲೆ. ಆರು ರಟ್ಟಿನ ಡಬ್ಬಗಳ ತುಂಬ ಕೈಬರಹದ ಕಾರ್ಡುಗಳು. ನನಗಿಂತ ಹಿರಿಯರೊಬ್ಬರು ಯೋಜನಾ ಸಹಾಯಕರಾಗಿ ನಾಲ್ಕು ವರ್ಷ ಕೂತು ಬರೆದದ್ದು. ಅನುದಾನ ನಿಂತಿತು, ಅವರು ಊರಿಗೆ ಹೋಗಿ ಸ್ಟೇಷನರಿ ಅಂಗಡಿ ಇಟ್ಟರು, ಡಬ್ಬಗಳು ಉಳಿದವು. ನನ್ನ ಕರಡಿನಲ್ಲಿ ನಾನು ಬರೆದದ್ದು 'ವಿಭಾಗದ ಶಾಸನ ಸೂಚಿ' ಎಂದು. ಯಾರೂ ಹಾಗೆ ಬರೆಯಲು ಹೇಳಿರಲಿಲ್ಲ. ಯೋಜನೆಯ ಹಣ ವಿಭಾಗದ್ದು, ಅವರಿಗೆ ಸಂಬಳ ಸಂದಿದೆ, ಕಾರ್ಡುಗಳು ಸಂಸ್ಥೆಯ ಸ್ವತ್ತು. ಮೈಕ್ರೋಸಾಫ್ಟ್ ಬಗ್ಗೆ ಬರೆಯುವಾಗ ನಾನು ಯಾವ ವಾದಕ್ಕೆ ಮುಖ ಸಿಂಡರಿಸಿದ್ದೆನೋ ಅದೇ ವಾದ ನನ್ನ ಅಡಿಟಿಪ್ಪಣಿಯಲ್ಲಿ ಕೂತಿತ್ತು.

ಹೆಸರು ಬರೆದರೆ ಎನ್ಸೆಂಬಲ್ ಮತ್ತೆ ಬಾಗಿಲು ತೆರೆಯುವುದಿಲ್ಲ, ಆ ಹಿರಿಯರಿಗೆ ಕೆಲಸವೂ ಸಿಗುವುದಿಲ್ಲ. ಹೆಸರು ನ್ಯಾಯವಲ್ಲ. ಆದರೆ ಯಾರಿಗೆ ಅನ್ಯಾಯವಾಯಿತೆಂದು ಕೇಳಬೇಕಾದರೂ ಮೊದಲು ಹೆಸರು ಬೇಕು. ಹೆಸರಳಿಸಿದ ಕಡೆ ಸಾಲದ ಪುಸ್ತಕವೇ ಇರುವುದಿಲ್ಲ. ಇಷ್ಟನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ.

ಹೋದ ವಾರ ಆ ವಾಕ್ಯ ತಿದ್ದಿದೆ. ನಂತರ ಅವರಿಗೆ ಫೋನ್ ಮಾಡಿ, "ಅಣ್ಣ, ಸೂಚಿ ಮಾಡಿದ್ದು ನೀವೇ ಅಂತ ಪ್ರಬಂಧದಲ್ಲಿ ಹಾಕಿದ್ದೀನಿ" ಎಂದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರೇನೋ, ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಹಾಕು ಮಾರಾಯ. ಆದ್ರೆ ಮೂರನೇ ಡಬ್ಬದಲ್ಲಿ ಎರಡು ಊರಿನ ಹೆಸರು ಅದಲುಬದಲಾಗಿವೆ. ಸರಿಮಾಡೋಕೆ ಪುರುಸೊತ್ತು ಸಿಗ್ಲಿಲ್ಲ ಆವಾಗ. ಅದನ್ನ ಮೊದಲು ಸರಿಮಾಡು."

ಮರುದಿನ ಮೂರನೇ ಡಬ್ಬ ತೆಗೆದೆ. ಅವರು ಹೇಳಿದ್ದು ನಿಜವಾಗಿತ್ತು.