ಓದಾಕ ಬರ್ತದೇನ್ರೀ?

ಕಲ್ಯಾಣದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಸೊಲ್ಲಾಪುರ. ಅಲ್ಲಿಂದ ಬಸ್ಸಿನಲ್ಲಿ ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಗೆ ಹೋಗಿದ್ದೆ. ಡೊಂಬಿವಲಿಯಲ್ಲಿ ಕೂತು ಕತೆ ಬರೆಯುವ ನಾನು ಮಕ್ಕಳೊಡನೆ ಊರು ಮತ್ತು ಸಾಹಿತ್ಯದ ಬಗ್ಗೆ ಮಾತಾಡಬೇಕಿತ್ತು.

ಯಶವಂತ ಚಿತ್ತಾಲರ ಮಾತೆತ್ತಿದೆ. ಹನೇಹಳ್ಳಿ ಬಿಟ್ಟು ಮುಂಬಯಿಯಲ್ಲಿ ಬಾಳಿದರೂ ಅವರು ಆ ಊರನ್ನು ಕತೆಗಳಲ್ಲಿ ಉಳಿಸಿಕೊಂಡರು. ಭಾಷೆ ಇದ್ದಲ್ಲಿ ಊರಿರುತ್ತದೆ, ಕನ್ನಡ ಬಿಡಬೇಡಿ ಎಂದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ನಿಮ್ಮ ಮಕ್ಕಳಿಗೆ ಕನ್ನಡ ಓದಾಕ ಬರ್ತದೇನ್ರೀ?"

ಬರುವುದಿಲ್ಲ. ಹಾಗೆಂದೇ ಹೇಳಿದೆ. ಯಾರೂ ನಗಲಿಲ್ಲ.

ನಾನು ನೌಕರಿಗಾಗಿ ಊರು ಬಿಟ್ಟವನು. ಈ ಮಕ್ಕಳ ಹಿರಿಯರು ಎಲ್ಲಿಗೂ ಹೋದವರಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಕನ್ನಡ ಶಾಲೆಯಲ್ಲಿ ಕಲಿತರೆ ಮುಂದಿನ ಓದಿಗೂ ನೌಕರಿಗೂ ಅವರು ಬೆಲೆ ತೆರಬೇಕು. ನನ್ನ ಮಗಳಿಗೆ ಅಂಥ ಕಷ್ಟ ಬೇಡವೆಂದು ನಾನೇ ಇಂಗ್ಲಿಷ್ ಶಾಲೆಗೆ ಹಾಕಿದ್ದೆ. ನಾನು ತೆರದ ಬೆಲೆಯನ್ನು ಅವರು ತೆರಲಿ ಎನ್ನುವುದು ಭಾಷಾಪ್ರೇಮವೇ?

ಹಾಗೆಂದು ಸುಮ್ಮನಿರುವುದೂ ಸರಿಯಲ್ಲ. ಬಿಡಬೇಡಿ ಎನ್ನುವ ಹಕ್ಕು ನನಗಿಲ್ಲ. ಆದರೆ ಬಿಡದೆ ಇರುವವರಿಗೆ ಓದಲು ಒಳ್ಳೆಯದೇನಾದರೂ ಕೊಡುವ ಹೊಣೆ ಇದೆ. ಚೀಲದಲ್ಲಿದ್ದ ಪುಸ್ತಕಗಳನ್ನು ಶಾಲೆಗೇ ಕೊಟ್ಟು ಬಂದೆ. ಈಗ ರವಿವಾರ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತೇನೆ. ಒತ್ತಕ್ಷರ ಬಂದರೆ ಅವಳು ಇನ್ನೂ ತಡವರಿಸುತ್ತಾಳೆ.