ಖಾಲಿ ಖಾನೆ ಸೊನ್ನೆಯಲ್ಲ

ಎಕ್ಸೆಲ್ ಜೊತೆ ದಿನಾ ಗುದ್ದಾಡುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ಖಾನೆಯಲ್ಲಿ ಸೊನ್ನೆ ಇರೋದು ಬೇರೆ, ಖಾನೆ ಖಾಲಿ ಇರೋದು ಬೇರೆ. ಸೊನ್ನೆ ಅಂದರೆ ಎಣಿಸಿ ನೋಡಿದೆವು, ಏನೂ ಸಿಗಲಿಲ್ಲ ಅಂತ. ಖಾಲಿ ಅಂದರೆ ಯಾರೂ ಎಣಿಸಿಯೇ ಇಲ್ಲ ಅಂತ. ಸರಾಸರಿ ತೆಗೆಯುವಾಗ ಎರಡನ್ನೂ ಒಂದೇ ಅಂದುಕೊಂಡರೆ ಮ್ಯಾನೇಜರ್ ಕರೆದು ವಿಚಾರಿಸ್ತಾರೆ. ಇದನ್ನೇ ಒಂದು ಸರ್ಕಾರ ಮಾಡಿದರೆ ಯಾರು ವಿಚಾರಿಸಬೇಕು?

2017ರಲ್ಲಿ ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ನಿಷೇಧಿಸಬೇಕು ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅದರಲ್ಲಿ ಮುಖ್ಯವಾಗಿ ಪ್ರಸ್ತಾಪವಾದದ್ದು ದಾವೂದಿ ಬೋಹ್ರಾ ಸಮುದಾಯದ ‘ಖತ್ನಾ’. ಏಳು ವರ್ಷದ ಆಸುಪಾಸಿನ ಹುಡುಗಿಯರ ಜನನಾಂಗದ ಅತಿ ಸೂಕ್ಷ್ಮ ಭಾಗದ ಚರ್ಮವನ್ನು ಕತ್ತರಿಸುವ ಪದ್ಧತಿ ಅದು. ಆ ಡಿಸೆಂಬರ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಕೊಟ್ಟ ಉತ್ತರ: ಭಾರತದಲ್ಲಿ ಇಂಥದ್ದು ಇದೆ ಎನ್ನಲು ಅಧಿಕೃತ ಅಂಕಿಅಂಶವಾಗಲಿ ಅಧ್ಯಯನವಾಗಲಿ ಇಲ್ಲ. ಕೆಲವೇ ತಿಂಗಳ ನಂತರ ಅದೇ ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಅದೇ ಕೋರ್ಟಿನಲ್ಲಿ, ಇದು ದಂಡ ಸಂಹಿತೆ ಮತ್ತು ಪೋಕ್ಸೋ ಅಡಿಯಲ್ಲಿ ಈಗಾಗಲೇ ಅಪರಾಧ ಎಂದರು. ಲೆಕ್ಕದಲ್ಲಿ ಇಲ್ಲ, ಕಾನೂನಿನಲ್ಲಿ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಅರ್ಜಿ ದೊಡ್ಡ ಪೀಠಕ್ಕೆ ಹೋಯಿತು.

ಅಧ್ಯಯನ ಪೂರ್ತಿ ಇರಲೇ ಇಲ್ಲ ಅಂತಲ್ಲ. ‘ಸಹಿಯೋ’ ಎಂಬ ಸಂಸ್ಥೆ 385 ಬೋಹ್ರಾ ಮಹಿಳೆಯರನ್ನು ಆನ್‌ಲೈನಿನಲ್ಲಿ ಕೇಳಿತ್ತು. ನೂರಕ್ಕೆ ಎಂಬತ್ತು ಮಂದಿ ತಮಗೆ ಆಗಿದೆ ಎಂದಿದ್ದರು. ಇಂಥ ಸಮೀಕ್ಷೆಯಿಂದ ಇಡೀ ಸಮುದಾಯದ ಲೆಕ್ಕ ಹೇಳೋಕೆ ಆಗಲ್ಲ, ನಿಜ. ಉತ್ತರ ಕೊಡಲು ಮುಂದೆ ಬಂದವರ ಲೆಕ್ಕ ಮಾತ್ರ ಅದು. ಆದರೆ ಅದು ಸಾಲದು ಅನ್ನುವವರು ಸಾಕಾಗುವಂಥದ್ದನ್ನು ಮಾಡಿಸಬೇಕಲ್ವಾ? ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಲಕ್ಷಾಂತರ ಮನೆಗಳಿಗೆ ಹೋಗುತ್ತೆ. ರಕ್ತಹೀನತೆ, ಶೌಚಾಲಯ, ಗರ್ಭನಿರೋಧಕ ಎಲ್ಲದರ ಬಗ್ಗೆ ಕೇಳುತ್ತೆ. ಈ ಪ್ರಶ್ನೆ ಮಾತ್ರ ಅದರ ಪಟ್ಟಿಯಲ್ಲಿಲ್ಲ.

ಕೇಳಿದರೆ ಏನಾಗುತ್ತೆ ಎನ್ನುವುದಕ್ಕೆ ಇಂಡೋನೇಷ್ಯಾ ನೋಡಿ. 2013ರಲ್ಲಿ ಯುನಿಸೆಫ್ ಕೊಟ್ಟ ಜಾಗತಿಕ ಅಂದಾಜು ಹನ್ನೆರಡೂವರೆ ಕೋಟಿ ಹೆಣ್ಣುಮಕ್ಕಳು, 29 ದೇಶ. 2016ರಲ್ಲಿ ಅದು 20 ಕೋಟಿಗೆ ಏರಿತು. ಮೂರೇ ವರ್ಷದಲ್ಲಿ ಕತ್ತಿಗಳು ಹೆಚ್ಚಾದವಾ? ಜನಸಂಖ್ಯೆ ಒಂದಿಷ್ಟು ಬೆಳೆದಿತ್ತು, ಆದರೆ ದೊಡ್ಡ ಕಾರಣ ಬೇರೆ. ಇಂಡೋನೇಷ್ಯಾ ತನ್ನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಶ್ನೆ ಕೇಳಿತ್ತು, ಉತ್ತರ ಲೆಕ್ಕಕ್ಕೆ ಸೇರಿತು, ಅಷ್ಟೆ. 2024ರ ಅಂದಾಜು 23 ಕೋಟಿ, 31 ದೇಶ. ಆ 31ರಲ್ಲಿ ಭಾರತ ಇಲ್ಲ. ಅದು ಖಾಲಿ ಖಾನೆ.

ಈ ವಿಷಯವನ್ನು ಅಳೆಯಲು ಹೆಂಗಸರನ್ನೇ ಕೇಳಬೇಕು, ಬೇರೆ ದಾರಿಯೇ ಇಲ್ಲ. ಯಾರನ್ನೂ ಕೇಳದೆ ಎಣಿಸಬಹುದಾದ ಇನ್ನೊಂದು ಹಿಂಸೆ ಇದೆ. ಅದನ್ನು ನೋಡೋಕೆ ದೂರ ಹೋಗಬೇಕಿಲ್ಲ, ಮಂಡ್ಯ ಸಾಕು.

ಕಿಕ್ಕೇರಿ ಅಂದರೆ ನಮಗೆ ನೆನಪಾಗೋದು ಕೆ.ಎಸ್. ನರಸಿಂಹಸ್ವಾಮಿ. ಹೆಂಡತಿ, ತವರು, ಮನೆಗೆ ಬರುವ ಮಗಳು, ಇವರನ್ನೆಲ್ಲ ಅಷ್ಟು ಅಕ್ಕರೆಯಿಂದ ಬರೆದ ಕವಿ ಹುಟ್ಟಿದ ಊರು. ಅದಿರುವ ಮಂಡ್ಯ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಸಾವಿರ ಗಂಡಸರಿಗೆ 995 ಹೆಂಗಸರು. ನೋಡೋಕೆ ಎಷ್ಟು ಚಂದ! ಆದರೆ ಆರು ವರ್ಷದೊಳಗಿನ ಮಕ್ಕಳನ್ನಷ್ಟೇ ಎಣಿಸಿದರೆ ಸಾವಿರ ಗಂಡುಮಕ್ಕಳಿಗೆ ಸುಮಾರು 940 ಹುಡುಗಿಯರು. ಪ್ರಕೃತಿಯ ಪಾಡಿಗೆ ಬಿಟ್ಟರೆ ಹುಟ್ಟುವುದು 950ರ ಆಸುಪಾಸು. ಅಂದರೆ ಸಾವಿರಕ್ಕೆ ಹತ್ತು ಹುಡುಗಿಯರು ಕಡಿಮೆ. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಒಂದು ಪರ್ಸೆಂಟ್ ವ್ಯತ್ಯಾಸ ಬಂದರೆ ನಾವು ಸ್ಕ್ರೋಲ್ ಮಾಡಿಕೊಂಡು ಮುಂದೆ ಹೋಗ್ತೀವಿ.

ಆ ಒಂದು ಪರ್ಸೆಂಟಿನ ಹಿಂದೆ ಏನಿರಬಹುದು ಅಂತ ಗೊತ್ತಾಗಿದ್ದು 2023ರ ಕೊನೆಯಲ್ಲಿ. ಬೆಂಗಳೂರು ಪೊಲೀಸರು ಹಿಡಿದ ಜಾಲವೊಂದು ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿತ್ತು. ಬೆಲ್ಲ ಕಾಯಿಸುವ ಜಾಗ! ಹೆಣ್ಣಾದರೆ ಗರ್ಭಪಾತ ಮೈಸೂರಿನಲ್ಲಿ. ಪ್ರಕರಣ ಸಿಐಡಿಗೆ ಹೋಯಿತು. ಇಷ್ಟಾದ ಮೇಲೂ 2024ರ ಮೇ ತಿಂಗಳಲ್ಲಿ ಪಾಂಡವಪುರದಿಂದ ಇನ್ನೊಂದು ಸುದ್ದಿ ಬಂತು, ಈ ಸಲ ಆರೋಗ್ಯ ಇಲಾಖೆಯ ವಸತಿಗೃಹದಿಂದ.

ಅಂಕಿಅಂಶ ಇಲ್ಲಿ ಎರಡು ಥರ ಕೈಕೊಡುತ್ತೆ. ಜನನ ನೋಂದಣಿ ಆಗೋದು ಹೆರಿಗೆಯಾದ ಊರಿನಲ್ಲಿ. ಕಿಕ್ಕೇರಿಯ ಹೆಣ್ಣುಮಗಳು ಮೈಸೂರಿನಲ್ಲಿ ಹೆತ್ತರೆ ಮಗು ಮೈಸೂರಿನ ಲೆಕ್ಕಕ್ಕೆ. ಹೀಗಾಗಿ ಯಾವ ಊರಿನ ಹುಡುಗಿಯರು ಕಾಣೆಯಾದರು ಅನ್ನೋದು ನೋಂದಣಿ ಪುಸ್ತಕದಿಂದ ಸುಲಭವಾಗಿ ತಿಳಿಯಲ್ಲ. ಮನೆಮನೆಗೆ ಹೋಗಿ ಎಣಿಸುವ ಜನಗಣತಿಯಲ್ಲಿ ಅದು ತಿಳಿಯುತ್ತೆ, ಆದರೆ 2021ರದ್ದು ನಡೆಯಲೇ ಇಲ್ಲ, 2027ಕ್ಕೆ ಹೋಗಿದೆ. ಇಷ್ಟೆಲ್ಲ ಕೊರತೆ ಇದ್ದರೂ ಒಂದು ಲಾಭ ಇದೆ. ಮಂಡ್ಯದ ಬಗ್ಗೆ ‘ಇಂಥದ್ದು ಇದೆ ಎನ್ನಲು ಅಂಕಿಅಂಶವೇ ಇಲ್ಲ’ ಎಂದು ಯಾವ ಸಚಿವಾಲಯವೂ ಅಫಿಡವಿಟ್ ಹಾಕುವ ಹಾಗಿಲ್ಲ. ಹುಟ್ಟದೇ ಹೋದ ಹುಡುಗಿಯರು ಕಳೆಯುವ ಲೆಕ್ಕದಲ್ಲಾದರೂ ಕಾಣಿಸಿಕೊಂಡರು. ಏಳು ವರ್ಷದ ಬೋಹ್ರಾ ಹುಡುಗಿ ಬದುಕಿದ್ದಾಳೆ, ಶಾಲೆಗೆ ಹೋಗ್ತಾಳೆ, ಜನಗಣತಿಯಲ್ಲಿ ಪೂರ್ತಿ ಒಂದು ಎಂದು ಎಣಿಕೆಯಾಗ್ತಾಳೆ. ಅವಳಿಗೆ ಏನಾಯಿತು ಅನ್ನೋದು ಮಾತ್ರ ಯಾವ ಕಾಲಮ್ಮಿನಲ್ಲೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಣೆಯನ್ನು ತಳ್ಳಿಹಾಕೋಕೆ ಆಗಲ್ಲ. ಪುಟ್ಟ ಅಲ್ಪಸಂಖ್ಯಾತ ಸಮುದಾಯ ಅದು. ಸಂಖ್ಯೆ ಹೊರಗೆ ಬಂದ ತಕ್ಷಣ ಅದನ್ನು ಬೈಗುಳ ಮಾಡಿಕೊಳ್ಳಲು ಕಾದವರಿದ್ದಾರೆ. ಸಮುದಾಯದ ಒಳಗೂ ಇದು ಹಾನಿಯಿಲ್ಲದ ಧಾರ್ಮಿಕ ಆಚರಣೆ ಎಂದು ಕೋರ್ಟಿನಲ್ಲಿ ವಾದಿಸಿದ ಮಹಿಳೆಯರಿದ್ದಾರೆ, ತಮಗಾದದ್ದನ್ನು ಹೆಸರು ಹೇಳಿಕೊಂಡೇ ವಿರೋಧಿಸಿದವರೂ ಇದ್ದಾರೆ. ಆದರೆ ಮಂಡ್ಯದ ಮಕ್ಕಳ ಲೆಕ್ಕ ಹೊರಬಿದ್ದಾಗ ನಾವು ಮಂಡ್ಯದವರೆಲ್ಲ ಕಟುಕರು ಅಂದೆವಾ? ಇಲ್ಲ. ನಮ್ಮವರು ಅಂತ ತಡೆದುಕೊಂಡೆವು. ಆ ಸೌಜನ್ಯ ಬೋಹ್ರಾಗಳಿಗೂ ಸಿಗಬೇಕು. ಸೌಜನ್ಯದ ಹೆಸರಿನಲ್ಲಿ ಎಣಿಸುವುದನ್ನೇ ಬಿಟ್ಟರೆ ಅದರ ಬೆಲೆ ಕೊಡುವವಳು, ಆಗಲೂ, ಏಳು ವರ್ಷದವಳೇ.

ಕೇಳುವ ಕ್ರಮವೂ ನಮಗೆ ಗೊತ್ತಿಲ್ಲದ್ದೇನಲ್ಲ. ಗಂಡನ ಹೊಡೆತದ ಬಗ್ಗೆ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುತ್ತೆ. ಒಂದು ಮನೆಯಲ್ಲಿ ಒಬ್ಬರನ್ನೇ, ಬೇರೆ ಯಾರೂ ಇಲ್ಲದಿರುವಾಗ ಮಾತ್ರ. ಹಾಗೆ ಕೇಳಿದ್ದರಿಂದಲೇ ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ನಾಲ್ಕನೇ ಸಮೀಕ್ಷೆಯಲ್ಲಿ ಶೇ. 20.6, ಐದನೆಯದರಲ್ಲಿ ಶೇ. 44.4 ಎಂದು ಗೊತ್ತಾಯಿತು. ಹಿಂಸೆಯೇ ಇಮ್ಮಡಿಯಾಯಿತೋ, ಬಾಯಿಬಿಟ್ಟವರ ಸಂಖ್ಯೆ ಹೆಚ್ಚಿತೋ, ಬರೀ ಸಂಖ್ಯೆ ನೋಡಿ ಬೇರ್ಪಡಿಸೋಕೆ ಆಗಲ್ಲ. ಆದರೆ ಸರ್ಕಾರಗಳಿಗೆ ಈ ಏರಿಕೆಯ ಭಯ ಇರುತ್ತೆ. ಕೇಳಿದರೆ ಸಂಖ್ಯೆ ಏರುತ್ತೆ, ಏರಿದರೆ ಏನಾದರೂ ಮಾಡಬೇಕಾಗುತ್ತೆ. ಪ್ರಶ್ನೆಯನ್ನೇ ಬಿಟ್ಟುಬಿಟ್ಟರೆ ಖರ್ಚೂ ಇಲ್ಲ, ಕೆಟ್ಟ ಹೆಸರೂ ಇಲ್ಲ.

ನನ್ನ ತಕರಾರು ಇರೋದು ಇಲ್ಲೇ. ಗೊತ್ತಿಲ್ಲ ಅನ್ನೋದು ತಪ್ಪಲ್ಲ. ಗೊತ್ತು ಮಾಡಿಕೊಳ್ಳುವ ಸಾಧನ ಕೈಯಲ್ಲೇ ಇಟ್ಟುಕೊಂಡು, ಬಳಸದೆ, ಆ ಗೊತ್ತಿಲ್ಲದಿರುವುದನ್ನೇ ಸಾಕ್ಷಿ ಅಂತ ಕೋರ್ಟಿಗೆ ಕೊಡೋದು ತಪ್ಪು. ದೊಡ್ಡವಳಾದ ಹೆಂಗಸು ಅರ್ಜಿ ಹಾಕಬಹುದು, ಸಮೀಕ್ಷೆಗೆ ಉತ್ತರಿಸಬಹುದು, ಬೇಡ ಅನಿಸಿದರೆ ಸುಮ್ಮನಿರಬಹುದು. ಮಗುವಿಗೆ ಇದ್ಯಾವುದೂ ಆಗಲ್ಲ. ಅವಳ ಪರವಾಗಿ ಲೆಕ್ಕ ಇಡೋಕೆ ಅಂತಲೇ ತಾನೇ ರಾಷ್ಟ್ರೀಯ ಅಂಕಿಅಂಶ ಇರೋದು?

ಬೇರೆ ದೇಶಗಳ ಸಮೀಕ್ಷೆಗಳಲ್ಲಿ ಇದಕ್ಕೆ ಮುಖ್ಯವಾಗಿ ಕೇಳೋದು ಎರಡು ವಿಷಯ: ನಿಮಗೆ ಆಗಿದೆಯಾ, ನಿಮ್ಮ ಮಗಳಿಗೆ ಆಗಿದೆಯಾ. ಉತ್ತರ ನಿಜವಾಗಿಯೂ ಸೊನ್ನೆ ಬಂದರೆ ಬರಲಿ, ಸಮುದಾಯವೂ ಸರ್ಕಾರವೂ ತಲೆಯೆತ್ತಿ ಹೇಳಬಹುದು. ಅಲ್ಲಿಯವರೆಗೆ ಯಾರಾದರೂ ‘ಡೇಟಾ ಇಲ್ಲ’ ಅಂದಾಗ ನಾವು ಕೇಳಬೇಕಾದ್ದು ಒಂದೇ: ಕೇಳಿ ನೋಡಿದ್ರಾ?