ಕೇಳಿ ಮಾಡುವ ಸೇವೆ

ಹಲವು ವರ್ಷಗಳ ಹಿಂದೆ ಕರಾವಳಿಯ ಒಂದು ವೃದ್ಧಾಶ್ರಮದ ಆಧ್ಯಾತ್ಮಿಕ ಹೊಣೆ ನನ್ನದಾಗಿತ್ತು. ಧಾರವಾಡದ ಕಡೆಯ ವೃದ್ಧರೊಬ್ಬರನ್ನು ಬಂಧುಗಳು ಅಲ್ಲಿಗೆ ತಂದು ಸೇರಿಸಿದರು. ಶುಚಿಯಾದ ಹಾಸಿಗೆ, ಹೊತ್ತಿಗೆ ಸರಿಯಾಗಿ ಔಷಧ, ಬಿಸಿ ಗಂಜಿ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಎರಡನೆಯ ದಿನದಿಂದ ಅವರು ಆಹಾರ ಮುಟ್ಟಲಿಲ್ಲ. ಕುಚ್ಚಲಕ್ಕಿ ಗಂಜಿ ಹಿಡಿಸಿಲ್ಲವೆಂದರು ಕೆಲವರು. ಮುಪ್ಪಿನ ಹಠವೆಂದರು ಇನ್ನು ಕೆಲವರು. ಬಂದ ಕಡೆ ಹೊಂದಿಕೊಳ್ಳಬೇಕೆಂದು ನಾನೂ ಅವರಿಗೆ ಉಪದೇಶಿಸಿದೆ.

ಮರುದಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ ಗದಗ ಸೀಮೆಯ ಹೆಣ್ಣುಮಗಳೊಬ್ಬಳು ಅವರ ಪಕ್ಕದಲ್ಲಿ ಕುಳಿತು, "ಅಜ್ಜಾರ, ನಿಮ್ಮ ಲಿಂಗ ಎಲ್ಲೈತ್ರಿ?" ಎಂದು ಕೇಳಿದಳು. ವೃದ್ಧರ ಕಣ್ಣು ತುಂಬಿ ಬಂತು. ಸ್ನಾನ ಮಾಡಿಸುವಾಗ ಕೊರಳ ದಾರವನ್ನು ಬಿಚ್ಚಿ, ಕಳೆದುಹೋಗದಿರಲೆಂಬ ಸದುದ್ದೇಶದಿಂದಲೇ, ಅವರ ಇಷ್ಟಲಿಂಗವನ್ನು ಕಚೇರಿಯ ಕಪಾಟಿನಲ್ಲಿ ಇಡಲಾಗಿತ್ತು. ಲಿಂಗಪೂಜೆಯಿಲ್ಲದೆ ಅನ್ನ ಮುಟ್ಟದ ನಿಷ್ಠೆ ಅವರದು. ಮೊದಲೇ ಏಕೆ ಹೇಳಲಿಲ್ಲವೆಂದು ನಾನು ವಿಚಾರಿಸಿದಾಗ, "ನಿಮ್ಮ ಋಣದಾಗ ಇರಾಂವ ನಾ, ಏನಂತ ಹೇಳಲ್ರಿ ಫಾದರ್?" ಎಂದರು.

ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ. ಋಣವು ಪಡೆಯುವವರ ನಾಲಿಗೆಯನ್ನು ಕಟ್ಟಿಹಾಕುತ್ತದೆ. ಅವರ ಮೌನವನ್ನು ನಾವು ತೃಪ್ತಿಯೆಂದು ಬಗೆಯುತ್ತೇವೆ. ಆದುದರಿಂದ ಹೇಳುವ ಹೊಣೆ ವೃದ್ಧರದ್ದಲ್ಲ, ಕೇಳುವ ಹೊಣೆ ನಮ್ಮದು.

"ನಾವು ಎಲ್ಲರನ್ನೂ ಸಮಾನವಾಗಿ ನೋಡಿಕೊಳ್ಳುತ್ತೇವೆ" ಎಂಬುದು ಸೇವಾಸಂಸ್ಥೆಗಳು ಅಭಿಮಾನದಿಂದ ಆಡುವ ಮಾತು. ಎಲ್ಲರಿಗೂ ಒಂದೇ ಊಟ, ಒಂದೇ ಭಾಷೆ, ಒಂದೇ ದಿನಚರಿ ಸಮಾನತೆಯೆನಿಸೀತೇ? ನಮ್ಮ ತಾಯಿಯ ಕೈಯಿಂದ ಜಪಸರವನ್ನು ತೆಗೆದು ಯಾರಾದರೂ ಭದ್ರವಾಗಿ ಬೀಗ ಹಾಕಿಟ್ಟರೆ ಅದನ್ನು ನಾವು ಆರೈಕೆಯೆಂದು ಕರೆಯುತ್ತೇವೆಯೇ? ಮುಪ್ಪಿನಲ್ಲಿ ಮನೆ, ಹೊಲ, ಸಂಗಾತಿ ಎಲ್ಲವೂ ಕೈಬಿಡುತ್ತವೆ. ಉಳಿಯುವುದು ಪ್ರಾರ್ಥನೆ, ನಾಲಿಗೆಯ ರುಚಿ, ತಾಯ್ನುಡಿ. ಮರೆವಿನ ಕಾಯಿಲೆ ಬಂದವರಲ್ಲಿ ಅನೇಕರಿಗೆ ನಡುವಯಸ್ಸಿನಲ್ಲಿ ಕಲಿತ ಭಾಷೆ ಮೊದಲು ಮಾಸಿಹೋಗಿ, ಬಾಲ್ಯದ ನುಡಿ ಮಾತ್ರ ಉಳಿಯುತ್ತದೆ. ಬೆಂಗಳೂರಿನ ಆಶ್ರಮದಲ್ಲಿರುವ ಕೊಂಕಣಿ ಅಜ್ಜಿಗೂ, ಮಕ್ಕಳ ಹಿಂದೆ ಮೆಲ್ಬರ್ನಿಗೆ ಹೋಗಿ ನೆಲೆಸಿದ ಕನ್ನಡದ ತಂದೆಗೂ ಇದು ಒಂದೇ ಸಂಕಟ.

2025ರ ನವೆಂಬರ್ 1ರಂದು ಜಾರಿಗೆ ಬಂದ ಆಸ್ಟ್ರೇಲಿಯದ ವೃದ್ಧರ ಆರೈಕೆಯ ಕಾನೂನು, ವೃದ್ಧರ ಸಂಸ್ಕೃತಿಯನ್ನೂ ಅವರು ಬಯಸುವ ಭಾಷೆಯನ್ನೂ ಗೌರವಿಸುವುದನ್ನು ಅವರ ಹಕ್ಕುಗಳಲ್ಲಿ ಸೇರಿಸಿದೆ. ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆ ಜೀವನಾಂಶದ ಹಾಗೂ ವೃದ್ಧಾಶ್ರಮಗಳ ಮಾತನ್ನಾಡುತ್ತದೆ. ಕಾನೂನು ಸೂರನ್ನು ಒದಗಿಸೀತು. ಆ ಸೂರಿನಡಿ ಒಬ್ಬರು ತಾವಾಗಿಯೇ ಉಳಿಯುವಂತೆ ಮಾಡುವುದು ಹೃದಯದ ಕೆಲಸ.

ಅನ್ಯಧರ್ಮೀಯರ ಆಚರಣೆಗೆ ನಮ್ಮ ಆಶ್ರಮದಲ್ಲಿ ಎಡೆಕೊಟ್ಟರೆ ನಮ್ಮ ವಿಶ್ವಾಸ ಸಡಿಲವಾಗದೇ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ಜೆರಿಕೋ ಪಟ್ಟಣದ ಬಳಿ ಕುರುಡ ಭಿಕ್ಷುಕನು ಮೊರೆಯಿಟ್ಟಾಗ, ಅವನ ಕೊರತೆ ಕಣ್ಣಿಗೆ ಕಾಣುತ್ತಿದ್ದರೂ, ತಾನೇನು ಮಾಡಬೇಕೆಂದು ಪ್ರಭುವು ಅವನನ್ನೇ ಕೇಳಿದರು. ಕೇಳದೆ ಕೊಡುವ ಅಧಿಕಾರವನ್ನು ಪ್ರಭುವೇ ಬಳಸಲಿಲ್ಲವೆಂದ ಮೇಲೆ ನಮಗೆ ಅದು ಎಲ್ಲಿಂದ ಬಂತು? ಫ್ರಾನ್ಸ್ ದೇಶದ ಸಂತ ಜಾನ್ ಜುಗಾನ್ 1839ರಲ್ಲಿ ಕುರುಡು ವೃದ್ಧೆಯೊಬ್ಬರನ್ನು ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಅವರ ಧರ್ಮಭಗಿನಿಯರು ಇಂದಿಗೂ ನಾನಾ ದೇಶಗಳಲ್ಲಿ ಬಡ ವೃದ್ಧರನ್ನು ಪಾಲಿಸುತ್ತಿದ್ದಾರೆ. ಹಾಸಿಗೆ ಬಿಟ್ಟುಕೊಡುವುದು ಕಠಿಣ. ನಮಗೆ ರೂಢಿಯಾದ ರೀತಿನೀತಿಗಳನ್ನು ಬಿಟ್ಟುಕೊಡುವುದು ಇನ್ನೂ ಕಠಿಣ.

ನಿಜ, ಆಶ್ರಮಗಳಲ್ಲಿ ಕೈಗಳು ಕಡಿಮೆ, ಹಣ ಇನ್ನೂ ಕಡಿಮೆ. ಪ್ರತಿಯೊಬ್ಬರಿಗೂ ಬೇರೆ ಅಡಿಗೆ ಸಾಧ್ಯವಾಗದು. ಆದರೆ ಸೇರುವ ದಿನವೇ ಏನು ಉಣ್ಣುತ್ತೀರಿ, ಹೇಗೆ ಪ್ರಾರ್ಥಿಸುತ್ತೀರಿ, ಏನೆಂದು ಕರೆಯಬೇಕು, ಕಣ್ಣು ಮುಚ್ಚಿದ ಮೇಲೆ ಏನಾಗಬೇಕು ಎಂದು ಕೇಳಿ ಬರೆದುಕೊಳ್ಳಲು ಖರ್ಚಿಲ್ಲ.

ಆ ಅಜ್ಜ ನಮ್ಮೊಡನೆ ಎರಡು ವರ್ಷ ಬಾಳಿದರು. ಅವರು ತೀರಿಕೊಂಡಾಗ, ಬರೆದುಕೊಂಡಿದ್ದಂತೆ ಜಂಗಮರೊಬ್ಬರನ್ನು ಕರೆಸಿದೆವು. ಲಿಂಗವನ್ನು ಅಂಗೈಯಲ್ಲಿಟ್ಟು, ಕುಳಿತ ಭಂಗಿಯಲ್ಲೇ ಅವರನ್ನು ಸಮಾಧಿ ಮಾಡಿದರು. ನಾನು ಒಂದು ಬದಿಯಲ್ಲಿ ಕೈಮುಗಿದು ನಿಂತಿದ್ದೆ. ಅಂದು ನನ್ನ ಉಪದೇಶಕ್ಕೆ ಅಲ್ಲಿ ಕೆಲಸವಿರಲಿಲ್ಲ.